ಮಾತಾಡಿಕೊಂಡು ಬರಲು ಪೋರ್ಚುಗಲ್‌ಗೆ

ಸಿಯಾಟಲ್ ಪಕ್ಕದ ನಮ್ಮ ಬೆಲ್‌ವ್ಯೂ ಕಡೆಯ ಕನ್ನಡಿಗರು ನಾಲ್ಕು ಜನ ಸೇರಿ ಪ್ರವಾಸ ಹೊರಟರೆ ಏನಾದರೊಂದು ಆಗದೆ ಇರುವುದಿಲ್ಲ. ಯಾರದೋ ಪಾಸ್‌ಪೋರ್ಟ್ ಉಪ್ಪಿನಕಾಯಿ ಎಣ್ಣೆಯಲ್ಲಿ ನೆನೆಯುತ್ತದೆ, ಇನ್ಯಾರೋ ಕರಡಿ ಓಡಾಡುವ ಕಾಡಿನಲ್ಲಿ ಪುಳಿಯೋಗರೆ ಡಬ್ಬಿ ಬಿಚ್ಚುತ್ತಾರೆ. ಶನಿವಾರದ ಊಟಗಳಲ್ಲಿ ಇವನ್ನೇ ಹೇಳಿಕೊಂಡು ನಗುತ್ತೇವೆ. ನಾನು ಚೆನ್ನಾಗಿ ನಗಿಸುತ್ತೇನೆ ಅಂತ ಹೆಸರೂ ಇದೆ. ಪೋರ್ಚುಗಲ್‌ನದನ್ನು ಮಾತ್ರ ಪೂರ್ತಿಯಾಗಿ ಯಾರಿಗೂ ಹೇಳಿರಲಿಲ್ಲ. ನಗು ಬರುವ ಜಾಗದಲ್ಲೆಲ್ಲ ಸಂಕಟವೂ ಬಂದರೆ ಹೇಳುವುದು ಕಷ್ಟ.

ಯಾರ ಜೊತೆ ಮಾತಾಡೋದು?

ಮಗ ಕಾಲೇಜಿಗೆ ಹೋದಮೇಲೆ ಮನೆಯಲ್ಲಿ ನಾನು, ನಮ್ಮ ಯಜಮಾನರು ಇಬ್ಬರೇ. ಅವರಿಗೆ ಸಿಯಾಟಲ್ ಪೇಟೆಯ ಡೆನ್ನಿ ಟ್ರಯಾಂಗಲ್‌ನ ಗಾಜಿನ ಕಟ್ಟಡದಲ್ಲಿ ಕೆಲಸ, ನನಗೆ ಕರ್ಕ್‌ಲ್ಯಾಂಡ್‌ನಲ್ಲಿ. ಸಂಜೆ ಮನೆಗೆ ಬಂದರೆ ಅವರ ಬಾಯಿಂದ ಬರುವುದು "ಊಟಕ್ಕೇನು?", "ಚಾರ್ಜರ್ ಎಲ್ಲಿ?" ಇಷ್ಟೇ. ಹಾಗಂತ ಅವರೇನು ಮೌನಿಯಲ್ಲ. ಕನ್ನಡ ಕೂಟದ ಮಾಜಿ ಕಾರ್ಯದರ್ಶಿ. ಮೈಕ್ ಕೈಗೆ ಸಿಕ್ಕರೆ ಬರೀ ವಂದನಾರ್ಪಣೆಯಲ್ಲೇ ಊಟ ಆರಿಸಿಬಿಡುವವರು. ರಜೆಗೆ ಬಂದ ಮಗ ಎರಡು ದಿನ ನಮ್ಮನ್ನು ನೋಡಿ, "ಅಮ್ಮಾ, ಯು ಗೈಸ್ ನೀಡ್ ಟು ಟಾಕ್," ಅಂದ. ಕೌನ್ಸೆಲರ್ ಒಬ್ಬರನ್ನು ಹುಡುಕಿಕೊಟ್ಟವನೂ ಅವನೇ.

ನಾನು ಒಳಗೊಳಗೇ ತೀರ್ಮಾನ ಮಾಡಿದ್ದೆ. ಇದೊಂದು ಸಲ ನೋಡುವುದು, ಆಗಲಿಲ್ಲವೆಂದರೆ ನನ್ನ ಪಾಡಿಗೆ ನಾನು ಬೇರೆ ಮನೆ ಮಾಡುವುದು.

ಕೌನ್ಸೆಲರಮ್ಮ ನಮ್ಮಿಬ್ಬರ ಮಾತು ಕೇಳಿದರು. ಅಂದರೆ ಯಜಮಾನರ ಮಾತು ಕೇಳಿದರು. ಆಮೇಲೆ, "ಸದ್ದಿಲ್ಲದ ಊರಿಗೆ ಹೋಗಿ. ಅಲ್ಲಿ ಫೋನ್ ಸಿಗಬಾರದು. ದಿನಾ ಜೊತೆಯಲ್ಲಿ ನಡೆಯಿರಿ, ಮಾತಾಡಿಕೊಂಡು ಬನ್ನಿ," ಎಂದು ತಾವೇ ಒಮ್ಮೆ ಹೋಗಿಬಂದಿದ್ದ ಪೋರ್ಚುಗಲ್‌ನ ಗುಡ್ಡಗಾಡಿನ ಹಳ್ಳಿಯೊಂದನ್ನು ಸೂಚಿಸಿದರು. ನನಗಂತೂ ಆ ಕ್ಷಣವೇ ಹೊರಟುಬಿಡೋಣ ಅನ್ನಿಸಿತು.

ಕಾರು ಹತ್ತುವ ಮೊದಲೇ ನಮ್ಮವರು ಸ್ನೇಹಿತರ ವಾಟ್ಸಾಪ್ ಗುಂಪಿಗೆ ಹಾಕಿದ್ದರು: "ಪೋರ್ಚುಗಲ್ ಪ್ಲಾನ್ ಮಾಡ್ತಿದೀವಿ. ಯಾರ್ಯಾರು ಬರ್ತೀರಿ?"

"ರೀ, ಅವರು ಹೇಳಿದ್ದು ನಾವಿಬ್ಬರೇ ಹೋಗಿ ಅಂತ," ಅಂದೆ.

"ಮಾತಾಡಿ ಅಂತ ತಾನೇ ಹೇಳಿದ್ದು?" ಅಂದರು. "ಇಬ್ಬರೇ ಹೋದ್ರೆ ಯಾರ ಜೊತೆ ಕಣೇ ಮಾತಾಡೋದು?"

ಕುಕ್ಕರ್

ಬಂದವರು ನಾಲ್ಕು ಜನ. ನಮ್ಮೂರಿನದೇ ಕ್ರಾಸ್‌ರೋಡ್ಸ್ ಬಡಾವಣೆಯಲ್ಲಿರುವ ಮೈಸೂರಿನ ಗಂಡ ಹೆಂಡತಿ, ಮತ್ತೆ ವಿಮಾನದ ಅಂಕಲ್, ಆಂಟಿ. ಅಂಕಲ್ ನಮಗಿಂತ ಬಹಳ ಹಿಂದೆಯೇ ಇಲ್ಲಿಗೆ ಓದಲು ಬಂದು, ವಿಮಾನದ ರೆಕ್ಕೆಗಳ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಅದಕ್ಕೇ ಆ ಹೆಸರು. ಮೈಸೂರಿನಾಕೆ ಕುಕ್ಕರ್ ತಂದಿದ್ದಳು. ಬಟ್ಟೆ ಕಮ್ಮಿ ಮಾಡಿ ಕುಕ್ಕರ್‌ಗೆ ಜಾಗ ಮಾಡಿದೆ ಅಂತ ವಿಮಾನದಲ್ಲೇ ಎಲ್ಲರಿಗೂ ಹೇಳಿದ್ದಳು.

ಊರು ನಿಜಕ್ಕೂ ಚೆನ್ನಾಗಿತ್ತು. ಕರಿ ಕಲ್ಲಿನ ಮನೆಗಳು, ಕಲ್ಲು ಹಾಸಿದ ಓಣಿ, ಬೆಕ್ಕುಗಳು, ಬೆರಳೆಣಿಕೆಯ ಮುದುಕರು. ಮೊದಲನೇ ಬೆಳಿಗ್ಗೆ ಬೇಗ ಎಚ್ಚರವಾಯಿತು. ನೋಡಿದರೆ ಯಜಮಾನರೂ ಎದ್ದು ಹೊರಗಿನ ಕಲ್ಲು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದಾರೆ. ಫೋನ್ ಇಲ್ಲ, ಸಿಗ್ನಲ್ ಇಲ್ಲ. ಹೋಗಿ ಪಕ್ಕದಲ್ಲಿ ಕೂತೆ. ಅವರು ಒಂಚೂರು ಜರುಗಿ ಜಾಗ ಕೊಟ್ಟರು. ಎಷ್ಟೋ ತಿಂಗಳಾದಮೇಲೆ ಮನಸ್ಸು ಹಗುರಾಯಿತು.

"ರೀ, ನಿಮಗೆ ಒಂದು ವಿಷಯ ಹೇಳಬೇಕಿತ್ತು," ಅಂದೆ.

"ಹೇಳು," ಅಂದರು. ನಿಜವಾಗಿ ನನ್ನ ಕಡೆ ತಿರುಗಿದರು.

ಆಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಆ ಊರಿನವರ ಮನೆಗಳಲ್ಲೂ ಕುಕ್ಕರ್ ಇದೆ, ಆದರೆ ಅವರದು ಬುಸುಗುಟ್ಟುತ್ತದೆ, ಕೂಗುವುದಿಲ್ಲ. ಎದುರು ಮನೆಯ ಕರಿ ಬಟ್ಟೆಯ ಅಜ್ಜಿ ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಓಡಿಬಂದಳು. ಅವಳ ಹಿಂದೆ ದೊಣ್ಣೆ ಹಿಡಿದ ಮುದುಕ. ಎರಡನೇ ವಿಷಲ್‌ಗೆ ಕಿಟಕಿಗಳು ತೆರೆದವು. ಮೂರನೆಯದಕ್ಕೆ ಊರೇ ನಮ್ಮ ಬಾಗಿಲಲ್ಲಿತ್ತು. ಮೈಸೂರಿನಾಕೆ ಎಲ್ಲರಿಗೂ ಬಿಸಿಬೇಳೆಬಾತ್ ಹಂಚಿದಳು. ದೊಣ್ಣೆಯವನು ಒಂದು ತುತ್ತು ತಿಂದು ಕಣ್ಣಲ್ಲಿ ನೀರು ಹಾಕಿಕೊಂಡು ಮತ್ತೆ ತಟ್ಟೆ ಚಾಚಿದ. ಯಜಮಾನರು ಎದ್ದು ನಿಂತು ಅವರಿಗೆಲ್ಲ ಬಿಸಿಬೇಳೆಬಾತಿನ ಇತಿಹಾಸ ಹೇಳಿದರು, ಇಂಗ್ಲಿಷಿನಲ್ಲಿ. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ, ಎಲ್ಲರೂ ತಲೆಯಾಡಿಸಿದರು.

ರಾತ್ರಿ ಮಲಗುವಾಗ, "ನೋಡಿದ್ಯಾ, ಮೊದಲನೇ ದಿನಾನೇ ಇಡೀ ಊರನ್ನ ಮಾತಾಡಿಸಿಬಿಟ್ಟೆ," ಅಂತ ಸಂತೋಷಪಟ್ಟು ಗೊರಕೆ ಹೊಡೆದರು. ನನ್ನ ವಿಷಯ ಏನು ಅಂತ ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಥರಾನೇ

ವಿಮಾನದ ಅಂಕಲ್‌ಗೆ ಒಂದು ಕಾಯಿಲೆ. ಯಾವುದನ್ನೂ ಅದಾಗಿಯೇ ನೋಡಲಾರರು. ಜಲಪಾತ ತೋರಿಸಿದರೆ, "ನಮ್ಮ ಸ್ನೋಕ್ವಾಲ್ಮಿ ಥರಾನೇ, ನೀರು ಕಮ್ಮಿ." ಗುಡ್ಡದ ಮೇಲಿನ ಪುಟ್ಟ ಚರ್ಚಿಗೆ ಏದುಸಿರು ಬಿಟ್ಟುಕೊಂಡು ಹತ್ತಿದರೆ, "ಶಿವಗಂಗೆ ಥರಾನೇ ಕಣಮ್ಮ, ಕೋತಿ ಇಲ್ಲ ಅಷ್ಟೇ." ಹೊಳೆಯ ನೀರಿನಿಂದ ತಿರುಗುವ ಹಳೇ ಹಿಟ್ಟಿನ ಗಿರಣಿಯ ಮುಂದೆ ಮಾತ್ರ ತಡವರಿಸಿದರು. ಕೊನೆಗೆ, "ಇದು ಗಿರಣಿ ಥರಾನೇ ಇದೆ," ಅಂದರು.

ಎಂಟು ಸಾವಿರ ಕಿಲೋಮೀಟರ್ ಆಚೆಯಿಂದ ಬಂದು ಬೆಂಗಳೂರು, ಸಿಯಾಟಲ್ ಎರಡನ್ನೇ ನೋಡಿಕೊಂಡು ಹೋಗುವುದಕ್ಕೆ ನಾವು ಇಷ್ಟೆಲ್ಲ ಮಾಡಬೇಕಿತ್ತೇ ಅಂತ ನನಗೆ ರೇಗುತ್ತಿತ್ತು. ಆದರೆ ಈ ಕಾಯಿಲೆ ಅಂಟುವಂಥದ್ದು.

ಮಧ್ಯಾಹ್ನ ಉಳಿದವರು ಗಿರಣಿಯ ಒಳಗೆ ಫೋಟೋ ತೆಗೆಯುತ್ತಿದ್ದರು. ನಾವಿಬ್ಬರು ಹೊರಗೆ ದೊಡ್ಡ ಚೆಸ್ಟ್‌ನಟ್ ಮರದ ಕೆಳಗೆ ಕೂತಿದ್ದೆವು. ಯಜಮಾನರು ನನ್ನ ಮುಖವನ್ನೇ ನೋಡತೊಡಗಿದರು. ನಾನು ನಾಚಿಕೊಂಡು ಕೂದಲು ಸರಿ ಮಾಡಿಕೊಂಡೆ. ಈಗ ಏನೋ ಹೇಳುತ್ತಾರೆ ಅಂದುಕೊಂಡೆ. ಹೇಳಿದರು.

"ನೀನೂ ಈಗೀಗ ನಿಮ್ಮಮ್ಮನ ಥರಾನೇ ಆಗಿದೀಯ."

ಹುಟ್ಟಿನ ಸದ್ದು

ಊರಿನ ಕೆಳಗೆ ಹೊಳೆಗೆ ಅಡ್ಡಕಟ್ಟೆ ಕಟ್ಟಿ ಈಜುವುದಕ್ಕೆ ಕೊಳದ ಹಾಗೆ ಮಾಡಿದ್ದಾರೆ. ದಡದಲ್ಲಿ ಹುಲ್ಲು, ಬಾಡಿಗೆಗೆ ಕಯಾಕ್ ದೋಣಿಗಳು. ಒಂದು ದೋಣಿಯಲ್ಲಿ ಇಬ್ಬರಿಗೇ ಜಾಗ ಅಂತ ತಿಳಿದಾಗ ನನಗೆ ಆದ ಖುಷಿ ಹೇಳತೀರದು. ಮೂರನೆಯವರು ಹತ್ತಿದರೆ ಮುಳುಗುವ ಏಕೈಕ ಸ್ಥಳ.

ಸಂಜೆಯ ಹೊತ್ತು ಅವರನ್ನು ಮುಂದೆ ಕೂರಿಸಿಕೊಂಡು ಹೊರಟೆ. ಎರಡೂ ಕಡೆ ಗುಡ್ಡ, ತಣ್ಣನೆ ಗಾಳಿ. ಕೊಳದ ನಡುವಿಗೆ ಬಂದಿದ್ದೆವಷ್ಟೇ, ಅವರ ಜೇಬು ಗುಂಯ್‌ಗುಟ್ಟಿತು. ಇಡೀ ಊರಿನಲ್ಲಿ ಸಿಗದ ಸಿಗ್ನಲ್ ಎರಡು ಗುಡ್ಡಗಳ ಸಂದಿಯಿಂದ ತೂರಿ ಅಲ್ಲಿಗೆ ಮಾತ್ರ ಬರುತ್ತದಂತೆ. ಅಲ್ಲಿ ಸಂಜೆಯಾದರೆ ಸಿಯಾಟಲ್‌ನಲ್ಲಿ ಬೆಳಗಿನ ಮೀಟಿಂಗ್.

"ಎರಡೇ ನಿಮಿಷ ಕಣೇ, ತಲೆ ತೋರಿಸಿ ಬಂದ್ಬಿಡ್ತೀನಿ," ಅಂದರು. ಕ್ಯಾಮೆರಾ ಹಾಕಿ ಗುಡ್ಡ ತೋರಿಸಿದರು, ನೀರು ತೋರಿಸಿದರು. ಮ್ಯಾನೇಜರ್ ಎಲ್ಲರ ಮುಂದೆ, "ನೋಡಿ ಇವರನ್ನು, ಹೆಂಡತಿಗೆ ಸಮಯ ಕೊಡುವುದು ಹೇಗೆಂದು ಇವರಿಂದ ಕಲಿಯಬೇಕು," ಅಂತ ಹೊಗಳಿದ. ದೋಣಿ ಸ್ವಲ್ಪ ಸರಿದರೂ ಸಿಗ್ನಲ್ ಹೋಗುತ್ತಿತ್ತು, ಅದಕ್ಕೆ ಯಜಮಾನರು ಕೈಸನ್ನೆ ಮಾಡಿದಂತೆಲ್ಲ ನಾನು ಹಿಂದಕ್ಕೂ ಮುಂದಕ್ಕೂ ಹುಟ್ಟು ಹಾಕಿ ಒಂದೇ ಕಡೆ ನಿಲ್ಲಿಸುತ್ತಿದ್ದೆ. ನನ್ನ ತೋಳು ಬಿದ್ದುಹೋಯಿತು. ಸೂರ್ಯ ಗುಡ್ಡದ ಹಿಂದೆ ಹೋದ.

ಕೊನೆಗೆ ಅವರು ಫೋನಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದರು. "ಸ್ವಲ್ಪ ಮೆಲ್ಲಗೆ ಹುಟ್ಟು ಹಾಕೇ," ಅಂದರು. "ಅವರಿಗೆ ನಿನ್ನ ಸದ್ದು ಕೇಳಿಸ್ತಿದೆಯಂತೆ."

ಬಾವುಟ

ಕೊನೆಯ ದಿನ ಗುಡ್ಡ ಸುತ್ತಿ ಬರುವ ಕಾಲುದಾರಿಯಲ್ಲಿ ನಡೆಯುವುದು ಅಂತಾಯಿತು. ಚೌಕದಲ್ಲಿ ಒಂದು ಹಲಗೆ ಇತ್ತು. ಉಳಿದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ನಾನು ಓದಿದೆ. ಆ ದೇಶದಲ್ಲಿ ಕಾಲುದಾರಿಗೆ ಕಲ್ಲಿನ ಮೇಲೆ, ಮರದ ಮೇಲೆ ಎರಡು ಪಟ್ಟೆ ಬಳಿಯುತ್ತಾರೆ. ಮೇಲೆ ಹಳದಿ, ಕೆಳಗೆ ಕೆಂಪು.

ಊರು ದಾಟಿದ ಮೇಲೆ ಮೊದಲನೇ ಕಲ್ಲು ಸಿಕ್ಕಿತು. ಯಜಮಾನರು ನಿಂತುಬಿಟ್ಟರು. ಕನ್ನಡ ಬಾವುಟ! ಕಣ್ಣು ಒದ್ದೆಯಾಯಿತು.

"ಯಾರೋ ನಮ್ಮವರು ಇಲ್ಲಿಗೂ ಬಂದು ಹೋಗಿದಾರೆ ಕಣ್ರೀ!"

ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಮೈಸೂರಿನವರು ಜೈಕಾರ ಹಾಕಿದರು. ಅದು ದಾರಿಯ ಗುರುತು ಅಂತ ನಾನು ಹೇಳಿದ್ದು ಜೈಕಾರದಲ್ಲಿ ಮುಳುಗಿತು. ಆಮೇಲೆ ಕಲ್ಲು ಕಲ್ಲಿಗೂ ಜೈಕಾರ. ವಿಮಾನದ ಅಂಕಲ್ ಕೂಡ ಈ ಸಲ ಯಾವುದರ ಥರ ಅಂತ ಹೇಳಲಿಲ್ಲ. ಒಂದು ಬಂಡೆ ಹತ್ತಿ ಯಜಮಾನರು ರಾಜ್ಯೋತ್ಸವದ ಭಾಷಣವನ್ನೇ ಮಾಡಿದರು. ಕೆಳಗೆ ಮೇಯುತ್ತಿದ್ದ ಆಡುಗಳು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು. ಅವುಗಳಷ್ಟು ಸ್ವಾತಂತ್ರ್ಯ ನನಗಿರಲಿಲ್ಲ.

ಒಂದು ಕವಲು ಬಂತು. ಎಡಗಡೆ ಕಲ್ಲಿನ ಮೇಲೆ ಮಾಸಿದ ಎರಡು ಪಟ್ಟೆ. ಬಲಗಡೆ ಮರದ ಮೇಲೆ ಹೊಸದಾಗಿ ಬಳಿದ ಹಳದಿ ಕೆಂಪು ಗೆರೆಗಳು, ಒಂದನ್ನೊಂದು ಓರೆಯಾಗಿ ಕತ್ತರಿಸಿದ ಹಾಗೆ.

"ಎರಡು ಬಾವುಟ ಜೋಡಿಸಿ ಕಟ್ಟಿದಾರೆ! ಇದೇ ಮೇನ್ ದಾರಿ," ಎಂದು ಯಜಮಾನರು ಬಲಕ್ಕೆ ಹೊರಟರು.

"ರೀ, ಅದು ಈ ಕಡೆ ಬರಬೇಡಿ ಅಂತ. ಹಲಗೇಲಿ ಬರೆದಿತ್ತು."

"ಬಾವುಟ ಹಾಕಿ ಯಾರಾದ್ರೂ ಬರಬೇಡಿ ಅಂತಾರೇನೇ?"

ಎಲ್ಲರೂ ನಕ್ಕು ಅವರ ಹಿಂದೆ ಹೋದರು. ನಾನು ಹೋಗಲಿಲ್ಲ. ಕವಲಿನಲ್ಲೇ ಕೂತೆ. ಜೈಕಾರ ದೂರವಾಗಿ ಕೊನೆಗೆ ಕೇಳಿಸದಾಯಿತು. ಪ್ರವಾಸದಲ್ಲಿ ಮೊದಲ ಸಲ ಆ ಊರು ಎಷ್ಟು ಸದ್ದಿಲ್ಲದ್ದು ಅಂತ ಗೊತ್ತಾಯಿತು. ತಂದಿದ್ದ ಬ್ರೆಡ್ಡು ಚೀಸು ತಿಂದೆ. ತುಂಬ ರುಚಿಯಾಗಿತ್ತು.

ಬಹಳ ಹೊತ್ತಾದ ಮೇಲೆ ಯಜಮಾನರೊಬ್ಬರೇ ಕುಂಟುತ್ತಾ ವಾಪಸ್ ಬಂದರು. ಅಂಗಿ ಹರಿದಿತ್ತು, ಮೊಣಕೈ ತರಚಿತ್ತು. ದಾರಿ ಮುಳ್ಳು ಪೊದೆ ಹಾದು ಯಾರದೋ ಆಡಿನ ಕೊಟ್ಟಿಗೆಗೆ ಹೋಗಿ ನಿಂತಿತ್ತಂತೆ. ಕೊಟ್ಟಿಗೆಯವನು ಉಳಿದವರನ್ನು ತನ್ನ ಗಾಡಿಯಲ್ಲಿ ಊರಿಗೆ ಕರೆದೊಯ್ದನಂತೆ. ಇವರು ಮಾತ್ರ ನನಗಾಗಿ ನಡೆದು ಬಂದಿದ್ದರು. ನನ್ನ ಎದೆ ಕರಗಿತು. ನಿಜವಾಗಿ ಕರಗಿತು, ಸುಳ್ಳು ಹೇಳುವುದಿಲ್ಲ. ಬೇರೆ ಮನೆ, ಗೀರೆ ಮನೆ ಎಲ್ಲ ಮರೆತೆ. ಪಕ್ಕದಲ್ಲಿ ಕೂರಿಸಿ ನೀರು ಕೊಟ್ಟೆ.

ಕುಡಿದು ಸುಧಾರಿಸಿಕೊಂಡು ಕೇಳಿದರು. "ಆ ದಾರಿ ತಪ್ಪು ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಹೇಳಿದ್ನಲ್ರೀ. ಕೇಳಿಸಲಿಲ್ವಾ?"

"ಕೇಳಿಸ್ತು." ಇನ್ನೊಂದು ಗುಟುಕು ಕುಡಿದರು. "ಬೇರೆ ಯಾರಾದ್ರೂ ಹೇಳಿದ್ದಿದ್ರೆ ನಿಂತಿರ್ತಿದ್ದೆ."

ಕೋಪದಲ್ಲಿ ಹೇಳಿದ್ದಲ್ಲ, ತಮಾಷೆಗೂ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮದುವೆಯಾದಾಗಿನಿಂದ ಅವರು ನನ್ನೊಂದಿಗೆ ಆಡಿದ ಅತ್ಯಂತ ಪ್ರಾಮಾಣಿಕ ಮಾತು ಅದು. ಅಳು ಬರಬೇಕಾದ ಕಡೆ ನನಗೆ ನಗು ಬಂತು. ತಡೆಯಲಾಗದೆ ಪಕ್ಕೆ ಹಿಡಿದುಕೊಂಡು ನಕ್ಕೆ. ಅವರೂ ಖುಷಿಯಾಗಿ ನಕ್ಕರು. "ನೋಡು, ಇಬ್ಬರೂ ಎಷ್ಟು ಚೆನ್ನಾಗಿ ಮಾತಾಡಿದ್ವಿ," ಅಂದರು.

ವಾಪಸ್ ಬಂದ ತಿಂಗಳಿಗೆ ನಾನು ಸಣ್ಣದೊಂದು ಅಪಾರ್ಟ್‌ಮೆಂಟ್ ಹಿಡಿದೆ. ಗೋಡೆಗೆ ಏನೂ ಹಾಕಿಲ್ಲ. ಸಂಜೆ ಮನೆಗೆ ಬಂದರೆ ಯಾರೂ ಮಾತಾಡುವುದಿಲ್ಲ, ಆದರೆ ಇಲ್ಲಿ ಮಾತಾಡಬೇಕಾದವರು ಯಾರೂ ಇಲ್ಲವಲ್ಲ, ಅದಕ್ಕೆ ನೋಯುವುದಿಲ್ಲ. ಯಾಕೆ ಹೀಗಾಯಿತು ಅಂತ ಜನ ನನ್ನನ್ನು ಕೇಳುವುದಿಲ್ಲ, ಅವರನ್ನೇ ಕೇಳುತ್ತಾರೆ. ಅವರು ಎಲ್ಲರಿಗೂ ಬೇಸರದಿಂದ ಒಂದೇ ಉತ್ತರ ಕೊಡುತ್ತಾರಂತೆ.

"ಏನ್ ಮಾಡೋದು ಹೇಳಿ, ಅವಳಿಗೆ ಪೋರ್ಚುಗಲ್ ಒಗ್ಗಲಿಲ್ಲ."