ಪಶ್ಚಿಮಕ್ಕೆ ಯಾರ ಮನೆ?

ನಮ್ಮ ಸೋದರತ್ತೆ ದೇವರನ್ನು ನಂಬುತ್ತಾರೆ. ಆದರೆ ಗುಡಿಯ ಜಾಗದ ಖಾತೆ ಯಾರ ಹೆಸರಿನಲ್ಲಿದೆ ಎಂದು ನೋಡಿಕೊಂಡ ಮೇಲೆ!

ಅತಿಯಾಯಿತು ಅನ್ನುತ್ತೀರಾ? ಬೇಗೂರಿನ ಅವರ ಮನೆಗೆ ಒಮ್ಮೆ ಬನ್ನಿ. ಮನೆಗೆ ಬಂದ ಹೊಸಬರಿಗೆ ಎಲ್ಲರೂ ನೀರು ಕೊಟ್ಟು ಕ್ಷೇಮ ವಿಚಾರಿಸಿದರೆ ನಮ್ಮತ್ತೆ ನೀರು ಕೊಟ್ಟು ಸರ್ವೆ ನಂಬರ್ ವಿಚಾರಿಸುತ್ತಾರೆ. ಬೇರೆ ಹೆಂಗಸರು ಸೀರೆ ಅಂಗಡಿಗೆ ಹೊರಡುವ ಹುರುಪಿನಲ್ಲಿ ಇವರು ಗುಂಡ್ಲುಪೇಟೆಯ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೊರಡುತ್ತಾರೆ. ಯಾರ ಮನೆಯ ಕ್ರಯಪತ್ರವಾದರೂ ಸರಿ, ಅರ್ಜಿ ಕೊಟ್ಟರೆ ಅದರ ನಕಲು ಸಿಗುತ್ತದೆ ಎಂದು ತಿಳಿದ ದಿನ ಅವರ ಬೀದಿಯ ನೆಮ್ಮದಿ ಹೋಯಿತು. ಕೋರ್ಟಿನ ಕೇಸುಗಳನ್ನು ಮೊಬೈಲಿನಲ್ಲೇ ಹುಡುಕಬಹುದು ಎಂದು ತಿಳಿದ ದಿನ ನೆಂಟರಿಷ್ಟರ ನೆಮ್ಮದಿಯೂ ಹೋಯಿತು!

ನನ್ನ ತಂಗಿಗೆ ಹರದನಹಳ್ಳಿಯಿಂದ ಒಂದು ಸಂಬಂಧ ಬಂದಾಗ ಅಮ್ಮ ಜಾತಕ ಕೇಳಿದರು, ಅಪ್ಪ ಸಂಬಳ ಕೇಳಿದರು. ಅತ್ತೆ ಕೇಳಿದ್ದು ಹುಡುಗನ ಅಪ್ಪನ ಪೂರ್ತಿ ಹೆಸರನ್ನು. ಹೆಣ್ಣು ನೋಡುವ ದಿನ ಎಲ್ಲರೂ ಕೇಸರಿಬಾತಿಗೆ ಚಮಚ ಹಾಕುತ್ತಿದ್ದಾಗ ಅತ್ತೆ ಮೆತ್ತಗೆ ಶುರು ಮಾಡಿದರು.

"ಬದುವಿನ ಜಗಳುದ್ ಕೇಸ್ನಲ್ಲಿ ನಿಮ್ ಮ್ಯಾಲೆ ವಾರಂಟ್ ಆಗಿತ್ತಲ್ಲ, ವಾಯಿದೆಗೆ ಯಾಕ್ ಓಗ್ನಿಲ್ಲ?"

ಕೇಸರಿಬಾತು ಹುಡುಗನ ಅಪ್ಪನ ಗಂಟಲಲ್ಲೇ ನಿಂತಿತು. ಅಪ್ಪ ಛಾವಣಿ ನೋಡಿದರು. ನಾನು ನೆಲ ನೋಡಿದೆ.

"ಅವತ್ತು ಅಸ ಈಯ್ತಿತ್ತು ಕಣಮ್ಮ," ಅಂದರು ಅವರು, ಕೆಮ್ಮುತ್ತಾ. "ಕರ ಅಡ್ಡ ಬಂದ್ಬುಟ್ಟಿತ್ತು. ಅದ್ನ ಬುಟ್ಬುಟ್ಟು ಎಂಗ್ ಓಗನ ಕೋರ್ಟ್‌ಗೆ?"

ಅತ್ತೆ ಅಪ್ಪನ ಕಡೆ ತಿರುಗಿ ತೀರ್ಪು ಕೊಟ್ಟರು: "ಪೋಲೀಸ್ನೋರ್ ಬತ್ತರೆ ಅಂದ್ರೂ ಅಸ ಬುಟ್ಟು ಓಗ್ದವ್ರು, ನಮ್ ಎಣ್ಣ ಬುಟ್ಟಾರಾ? ಕೊಡಣ್ಣ."

ಕೊಟ್ಟೆವು. ತಂಗಿ ಚೆನ್ನಾಗಿದ್ದಾಳೆ. ಹಸುವೂ ಚೆನ್ನಾಗಿದೆ!

ನನ್ನ ಗತಿ ಮಾತ್ರ ಬೇರೆ. ಮೈಸೂರಿನ ವಿಶ್ವವಿದ್ಯಾನಿಲಯದಲ್ಲಿ ಓದಿ ನಾನು ಸಂಪಾದಿಸಿದ್ದು ಒಂದೇ, ಸಂಶಯ. ನೆನಪು ಎಂಬುದು ನಾವು ಪ್ರತಿ ಸಲ ಹೊಸದಾಗಿ ಕಟ್ಟಿಕೊಳ್ಳುವ ಕಥೆ ಎಂದು ಅಲ್ಲಿ ಯಾರೋ ಹೇಳಿದರು. ಯಾರು ಎಂಬುದು ಈಗ ನೆನಪಿಲ್ಲ, ನೋಡಿ! ಅವತ್ತಿನಿಂದ ನನ್ನ ಬಾಲ್ಯವನ್ನೇ ನಾನು ಪೂರ್ತಿ ನಂಬುವುದಿಲ್ಲ. ಒಮ್ಮೆ ಅತ್ತೆಯ ಎದುರು, "ನಮ್ಮ ಹೊಲದ ಬಾವಿಯಲ್ಲಿ ಈಜು ಕಲಿತೆ" ಎಂದು ಬಾಯಿ ಬಿಟ್ಟೆ.

"ಯಾವ್ ಬಾವಿಲಾ? ಪಾಣೀಲಿ ತೋರ್ಸು."

ನಮ್ಮ ಹೊಲದ ಪಹಣಿಯಲ್ಲಿ ಬಾವಿ ಇರಲಿಲ್ಲ. ನಾನು ಕಂಗಾಲಾದೆ. ಬಾವಿಯೇ ಇಲ್ಲದಿದ್ದರೆ ಈಜು ಎಲ್ಲಿಂದ ಬಂತು? ವಾರ ಕಳೆಯುವುದರೊಳಗೆ ಅತ್ತೆ ಪಕ್ಕದ ಹೊಲದವರ ಪಹಣಿ ಹಿಡಿದು ಬಂದರು. ಬಾವಿ ಅಲ್ಲಿತ್ತು. "ಕಂಡೋರ್ ಬಾವೀಲಿ ಬಿದ್ದು ಒದ್ದಾಡ್ಬುಟ್ಟು, ಇಷ್ಟ್ ದಿವ್ಸ ನಮ್ದು ಅಂತ ಮೆರ್ದಲ್ಲ ಕಣ್ಲಾ!"

ಅಂದಿನಿಂದ ಇನ್ನೊಂದು ನೆನಪನ್ನು ಅವರ ಮುಂದೆ ಎತ್ತುವ ಧೈರ್ಯವೇ ಬರಲಿಲ್ಲ. ಅತ್ತೆಯ ಮನೆಗೂ ಪಕ್ಕದ ಮಾದಪ್ಪನ ಮನೆಗೂ ನಡುವೆ ಒಂದು ಮೋಟುಗೋಡೆ ಇದೆ. ನಾನು ಚಿಕ್ಕವನಿದ್ದಾಗ ಮಾವ, ಅಂದರೆ ಅತ್ತೆಯ ಯಜಮಾನರು, ನನ್ನನ್ನು ಅದರ ಮೇಲೆ ಕೂರಿಸಿ ಕಡಲೆಕಾಯಿ ಸುಲಿದು ಬಾಯಿಗೆ ಹಾಕುತ್ತಿದ್ದರು. ಹಾಕುತ್ತಿದ್ದರೇ? ಅಥವಾ ನಾನೇ ಕಟ್ಟಿಕೊಂಡ ಕಥೆಯೇ? ನಾನು ಸ್ಕೂಲಿಗೆ ಸೇರಿದ ಹೊಸತರಲ್ಲೇ ಅವರು ತೀರಿಕೊಂಡರು. ಮುಖ ಸರಿಯಾಗಿ ನೆನಪಿಲ್ಲ, ಬೆರಳು ಮಾತ್ರ ನೆನಪಿದೆ. ಬೆರಳಿಗೆ ಪಹಣಿ ಎಲ್ಲಿಂದ ತರಲಿ?

ಇರಲಿ, ಬೀದಿಯ ವಿಷಯಕ್ಕೆ ಬರುತ್ತೇನೆ. ಅತ್ತೆ ತಮ್ಮ ಸುತ್ತಲಿನ ಎಲ್ಲ ಮನೆಗಳ ಕ್ರಯಪತ್ರದ ನಕಲು ತೆಗೆಸಿ ಇಟ್ಟುಕೊಂಡಿದ್ದರು. ನಾನು ಹೋದಾಗಲೆಲ್ಲ ಒಂದು ಪತ್ರ ಹೊರಗೆ ಬರುತ್ತಿತ್ತು.

"ಚಕ್ಕುಬಂದಿ ಓದ್ಲಾ. ಕನ್ನಡ್ಕ ಎಲ್ಲಿಟ್ನೋ ಕಾಣೆ."

ಕನ್ನಡಕ ಅವರ ತಲೆಯ ಮೇಲೇ ಇರುತ್ತಿತ್ತು! ಚಕ್ಕುಬಂದಿ ಎಂದರೆ ಆಸ್ತಿಯ ನಾಲ್ಕೂ ದಿಕ್ಕಿಗೆ ಏನಿದೆ ಎಂಬ ವಿವರ. ಪೂರ್ವಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಲು, ಹೀಗೆ. ಮಾದಪ್ಪನ ಪತ್ರದಲ್ಲಿ ಪಶ್ಚಿಮಕ್ಕೆ ಮಾವನ ಮನೆ, ಹಿಂದಿನ ಮನೆಯವರ ಪತ್ರದಲ್ಲಿ ದಕ್ಷಿಣಕ್ಕೆ ಮಾವನ ಮನೆ. "ಇನ್ನೊಂದ್ ದಪ ಓದು, ಜೋರಾಗಿ," ಅನ್ನುತ್ತಿದ್ದರು ಅತ್ತೆ. ಅಳತೆಯಲ್ಲಿ ಏನೋ ತಪ್ಪು ಹುಡುಕುತ್ತಿದ್ದಾರೆ ಎಂದುಕೊಂಡು ನಾನೂ ಓದುತ್ತಿದ್ದೆ. ಬೀದಿಯವರೆಲ್ಲ ಅಂದುಕೊಂಡದ್ದೂ ಅದನ್ನೇ. ಮಾದಪ್ಪನಂತೂ ಹೆದರಿಕೊಂಡು ಅವರೆಕಾಯಿ, ನುಗ್ಗೆಕಾಯಿ ತಂದು ಸುರಿಯುತ್ತಿದ್ದ. ಒಮ್ಮೆ ನನ್ನನ್ನು ಗೋಡೆಯ ಹತ್ತಿರ ಕರೆದು ಪಿಸುಗುಟ್ಟಿದ: "ನಿಮ್ಮತ್ತೆ ಮನಸ್ನಲ್ಲಿ ಏನದೆ ಸಾ? ಒಂದಡಿ ಜಾಗ ಬೇಕಾದ್ರೆ ತಕ್ಕಳ್ಳಿ. ಕೋರ್ಟ್‌ಗೆ ಮಾತ್ರ ಎಳೀಬ್ಯಾಡಿ ಅನ್ನಿ!"

ಹೋದ ವರ್ಷ ಹಿಂದಿನ ಮನೆ ಕೈ ಬದಲಾಯಿತು. ಅತ್ತೆ ಹೊಸ ಪತ್ರದ ನಕಲು ತಂದು ತಾವೇ ನೋಡಿಕೊಂಡರು, ನನಗೆ ಓದಲು ಕೊಡಲಿಲ್ಲ. ಇಣುಕಿದೆ. ದಕ್ಷಿಣಕ್ಕೆ ಅತ್ತೆಯದೇ ಹೆಸರು! "ನಿಮ್ಮ ಹೆಸರೂ ಬಂತಲ್ಲ ಅತ್ತೆ, ಸಂತೋಷಪಡಿ," ಅಂದೆ. ಅವತ್ತು ಅವರು ಊಟ ಮಾಡಲಿಲ್ಲ.

ಈಗ ಮಾದಪ್ಪನ ಸರದಿ. ಬದನಗುಪ್ಪೆಯ ಫ್ಯಾಕ್ಟರಿಗಳ ಹತ್ತಿರ ಹೋಟೆಲ್ ಇಡುವುದಕ್ಕೆಂದು ಅವನು ಮನೆಯನ್ನು ಒಬ್ಬ ಮೇಷ್ಟ್ರಿಗೆ ಮಾರಲು ಹೊರಟ. ನೋಂದಣಿಯ ದಿನ ಬೆಳಿಗ್ಗೆಯೇ ಅತ್ತೆ ಚಾಮರಾಜನಗರದಲ್ಲಿದ್ದ ನನಗೆ ಫೋನ್ ಮಾಡಿದರು. "ಬೈಕ್ ತಕ್ಕೊಂಡ್ ಬಾ, ಗುಂಡ್ಲುಪ್ಯಾಟೆಗೆ ಓಗನ. ಮಾದಪ್ಪನ್ ಪತ್ರ ನಿಲ್ಲುಸ್ಬೇಕು."

ನಾವು ಹೋದಾಗ ಆಫೀಸಿನ ಎದುರು ಪತ್ರ ಬರೆಯುವವರ ಅಂಗಡಿಯಲ್ಲಿ ಮಾದಪ್ಪ, ಮೇಷ್ಟ್ರು ಇಬ್ಬರೂ ಕೂತಿದ್ದರು. ಅತ್ತೆಯನ್ನು ಕಂಡದ್ದೇ ಮಾದಪ್ಪ ಎದ್ದು ನಿಂತ. "ಅಕ್ಕಯ್ಯ, ನಿಮ್ ಕಾಲ್ಗ್ ಬೀಳ್ತೀನಿ, ಓಟ್ಲಿಗೆ ಮುಂಗಡ ಕೊಟ್ಬುಟ್ಟಿವ್ನಿ!"

"ಸುಮ್ಕಿರ್ಲಾ ಮಾದ," ಎಂದು ಅತ್ತೆ ಪತ್ರ ಬರೆಯುವವರ ಕಡೆ ತಿರುಗಿದರು. "ಪಶ್ಚಿಮಕ್ಕೆ ಯಾರ್ ಮನೆ ಬರ್ದಿದ್ದೀರಿ?"

"ನಿಮ್ದೇ ಕಣಮ್ಮ. ಹಳೇ ಪತ್ರದಲ್ಲಿ ನಿಮ್ ಯಜಮಾನ್ರ ಹೆಸ್ರಿತ್ತು. ಈಗ ಖಾತೆ ನಿಮ್ಮ ಹೆಸ್ರಲ್ಲಿದೆಯಲ್ಲ, ಸರಿ ಮಾಡ್ದೆ."

"ಸರಿ ಮಾಡ್ಬ್ಯಾಡಿ. ಇದ್ದಂಗೇ ಬುಡಿ."

"ಅವ್ರು ಹೋಗಿ ಎಷ್ಟು ವರ್ಷ ಆಯ್ತಮ್ಮ..."

"ಮನೆ ಎಲ್ಲೂ ಓಗಿಲ್ವಲ್ಲ? ಈ ಬೀದೀಲಿ ಅವ್ರು ಉಳ್ದಿರದೇ ಈ ಒಂದ್ ಪತ್ರದಲ್ಲಿ. ಇಲ್ಲಿಂದ್ಲೂ ತಗ್ದ್ಬುಟ್ರೆ ಎಲ್ಲಿ ಅಂತ ನೋಡ್ಲಿ?"

ಗೋಡೆ ಅದೇ, ಅಳತೆ ಅದೇ, ತಮಗೇನೂ ಅಡ್ಡಿಯಿಲ್ಲ ಎಂದರು ಮೇಷ್ಟ್ರು. ಪತ್ರ ಬರೆಯುವವರು ಕೀಬೋರ್ಡಿನ ಮೇಲೆ ಬೆರಳಿಟ್ಟು, "ಸರಿ, ಹಳೇ ಪತ್ರ ಜೆರಾಕ್ಸ್‌ಗೆ ಹೋಗಿದೆ, ಹೆಸ್ರು ನೀವೇ ಹೇಳಿಮ್ಮ," ಅಂದರು.

ಅತ್ತೆ ಬಾಯಿ ತೆರೆದರು, ಮುಚ್ಚಿದರು. ನನ್ನ ಮುಖ ನೋಡಿದರು.

ಆಗ ಹೊಳೆಯಿತು ನನಗೆ! ಗಂಡನ ಹೆಸರನ್ನು ಅತ್ತೆ ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿಯೇ ಇಲ್ಲ. ಅವರ ಕಾಲದವರು ಹೇಳುವುದಿಲ್ಲ. ಮಾವ ಯಾವಾಗಲೂ 'ಅವ್ರು' ಅಷ್ಟೇ. ಅವರಾಗಿ ಹೇಳುವ ಹಾಗಿಲ್ಲ, ಹೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲ. ಮತ್ತೆ ಆ ಹೆಸರು ಕಿವಿಗೆ ಬೀಳುವುದಾದರೂ ಹೇಗೆ? ಹೆಸರನ್ನು ನಾನು ಹೇಳಿದೆ. ಪತ್ರ ಬರೆಯುವವರು ಒತ್ತಿ, ತಿದ್ದಿ, ಚಕ್ಕುಬಂದಿಯನ್ನು ಮತ್ತೊಮ್ಮೆ ಓದಿ ಹೇಳಿದರು. ಆ ಹೆಸರು ಬಂದ ಕೂಡಲೇ ಅತ್ತೆ, ಮಾವ ಒಳಗೆ ಬಂದರೋ ಎಂಬಂತೆ, ತಲೆಯ ಮೇಲೆ ಸೆರಗು ಎಳೆದುಕೊಂಡರು.

ನೋಂದಣಿ ಮುಗಿದ ಮೇಲೆ ಮಾದಪ್ಪ ಎಲ್ಲರಿಗೂ ಟೀ ಕೊಡಿಸಿದ. ಪತ್ರದ ಒಂದು ಜೆರಾಕ್ಸ್ ಮಾಡಿಸಿ ಅತ್ತೆಯ ಕೈಗಿಟ್ಟ. ಊರಿಗೆ ಬಂದು ಬೈಕ್ ನಿಲ್ಲಿಸಿದಾಗ ಆ ಮೋಟುಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಧೈರ್ಯ ಮಾಡಿದೆ.

"ಅತ್ತೆ, ಮಾವ ನನ್ನನ್ನ ಈ ಗೋಡೆ ಮೇಲೆ ಕೂರಿಸಿ ಕಡಲೆಕಾಯಿ ತಿನ್ನಿಸ್ತಿದ್ರಾ? ನನಗೇ ಅನುಮಾನ."

ಕಾಗದ ತೋರಿಸು ಅನ್ನುತ್ತಾರೆ ಎಂದು ಕಾದೆ. ಅನ್ನಲಿಲ್ಲ.

"ತಿನ್ನುಸ್ತಿದ್ರು ಕಣ್ಲಾ. ಮಗಾ ಬಿದ್ದಾತು ಅಂತ ನಾ ಬೈತಿದ್ದೆ."

ಆಮೇಲೆ ಗೋಡೆಗೆ ಒರಗಿ ಜೆರಾಕ್ಸನ್ನು ನನ್ನ ಕೈಗೆ ಕೊಟ್ಟರು. "ಓದು." ಕನ್ನಡಕ ಅವರ ಮೂಗಿನ ಮೇಲೇ ಇತ್ತು. ನಾನು ಅದರ ಮಾತೆತ್ತಲಿಲ್ಲ. ಜೋರಾಗಿ ಓದಿದೆ:

"ಪಶ್ಚಿಮಕ್ಕೆ, ಪುಟ್ಟಬಸಪ್ಪನವರ ಮನೆ."