ಮಾವನ ಗೇರು, ಅತ್ತೆಯ ನಿಂಬೆಹಣ್ಣು

ನಾನು ನಿಂತಿದ್ದದ್ದು ಕಾರಿನ ಹಿಂದೆ, ಎಡ ಚಕ್ರದಿಂದ ಎರಡು ಮಾರು ದೂರದಲ್ಲಿ. ಎಪ್ಪತ್ತರ ದಶಕದ ಕೊನೆಯಲ್ಲಿ, ಒಂದು ಯುಗಾದಿಯ ಮರುದಿನ. ಬಿಸಿಲು ಆಗಷ್ಟೇ ಏರುತ್ತಿತ್ತು. ಸ್ಥಳ, ನಂಗಲಿಯ ಹತ್ತಿರ ಹೆದ್ದಾರಿ ಬೇರೆ ದಾರಿ ಹಿಡಿದ ಮೇಲೆ ಲಾರಿಗಳು ಮರೆತುಬಿಟ್ಟ ಹಳೆಯ ನೇರ ರಸ್ತೆ. ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ನನ್ನ ಸೋದರಮಾವ ಕೊಲೆಗಾರರಲ್ಲ. ಆದರೆ ಅಂದು ನಾನೊಮ್ಮೆ ಆಕಳಿಸಿದ್ದರೂ ಈ ಪ್ರಬಂಧವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತು!

ಮಾವ ಮುಳಬಾಗಿಲಿನಲ್ಲಿ ರೇಷ್ಮೆಗೂಡಿನ ವ್ಯಾಪಾರಿ. ಹುಚ್ಚು ಮಾತ್ರ ಕಾರಿನದು. ಎರಡು ಕಾರು ಅಕ್ಕಪಕ್ಕ ನಿಂತು, ಬಾವುಟ ಇಳಿದೊಡನೆ ಕಾಲು ಮೈಲಿ ನೆಟ್ಟಗೆ ಓಡುವ ಪಂದ್ಯ. ಗೆಲ್ಲಿಸುವುದು ಎಂಜಿನ್ನಲ್ಲ, ಗೇರಿನ ಅನುಪಾತ ಎಂಬುದು ಅವರ ಸಿದ್ಧಾಂತ. ಕಾಫಿ ಕುಡಿದವನು ಥಟ್ಟನೆ ಎದ್ದು ಓಡುತ್ತಾನೆ, ಅರ್ಧ ದಾರಿಯಲ್ಲಿ ಉಸಿರು ಮುಗಿಯುತ್ತದೆ. ಮುದ್ದೆ ಉಂಡವನಿಗೆ ಏಳುವುದೇ ಕಷ್ಟ, ಎದ್ದರೆ ಸಂಜೆಯವರೆಗೂ ನಡೆಯುತ್ತಾನೆ. ಗೇರೂ ಹಾಗೆಯೇ, ಎಂಜಿನ್ನಿನ ದಮ್ಮು ಮುಗಿಲು ಮುಟ್ಟುವುದು ಸರಿಯಾಗಿ ಪಂದ್ಯ ಮುಗಿಯುವ ಗೆರೆಯ ಮೇಲೇ ಆಗಬೇಕು. ಮದುವೆಯ ಪಂಕ್ತಿಗಳಲ್ಲಿ ಇದನ್ನು ಕೇಳುತ್ತ ಎಷ್ಟು ಜನರ ಸಾರು ಆರಿಹೋಗಿದೆಯೋ!

ಮೊದಲ ಪಂದ್ಯಕ್ಕೆ ಕಾಫಿ ಗೇರು. ಕಾರು ಜಿಂಕೆಯಂತೆ ನೆಗೆಯಿತು, ನಡುದಾರಿಯಲ್ಲಿ ಕಿರುಚತೊಡಗಿತು, ಎಂಜಿನ್ನು ಕೈಕೊಟ್ಟಿತು. ಎದುರಾಳಿಯಾದ ಕೋಲಾರದ ವೈದ್ಯರು ಕೈಬೀಸುತ್ತ ಮುಂದೆ ಹೋದರು. ಎರಡನೆಯದಕ್ಕೆ ಮುದ್ದೆ ಗೇರು. ಕಾರು ಹೊರಡುವ ಬಗ್ಗೆ ಯೋಚಿಸಿತು, ನಡುಗಿತು, ನಿಂತಲ್ಲೇ ಆರಿಹೋಯಿತು.

ಅತ್ತೆ ಅಂದೇ ಹೇಳಿಬಿಟ್ಟರು: “ಇನ್ನೊಂದೇ ಸಲ ಕಣ್ರೀ. ಗೆರೆ ದಾಟಿದ್ರೆ ಸರಿ, ಇಲ್ದಿದ್ರೆ ಕಾರು ಗುಜರಿಗೆ.” ಮಾವ ಒಪ್ಪಿದರು. ಒಪ್ಪಿದವರು ವಾರವಿಡೀ ಯಾರ ಜೊತೆಗೂ ಗೇರಿನ ಮಾತೆತ್ತಲಿಲ್ಲ. ಮನೆಯವರಿಗೆ ಅದೇ ದೊಡ್ಡ ಭಯವಾಯಿತು.

ಕೊನೆಗೆ ಮನಸ್ಸಿಗೊಪ್ಪುವ ಅನುಪಾತ ಸಿಕ್ಕಿದ್ದು ಒಂದು ಹಳೆಯ ಜೀಪಿನ ಹಿಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲ್ಲಿನಲ್ಲಿ. ನಂಗಲಿಯ ವೆಲ್ಡಿಂಗ್ ಬಾಷಾ ಭಾಯಿಯೂ ಮಾವನೂ ಸೇರಿ ಅದನ್ನು ಕಾರಿಗೆ ಕೂರಿಸಿದರು. ನೆಟ್ಟಗೆ ಇಟ್ಟರೆ ಕಾರಿನ ತಳಕ್ಕೆ ತಾಗುತ್ತಿತ್ತು. ಮಗುಚಿ ಇಟ್ಟಾಗ ಸೊಗಸಾಗಿ ಕೂತಿತು. ಓಡಿಸಿ ನೋಡಬಹುದಿತ್ತಲ್ಲ ಎನ್ನುತ್ತೀರಾ? ಪೂಜೆಯಾಗದೆ ಚಕ್ರ ತಿರುಗಬಾರದೆಂದು ಅತ್ತೆಯ ಶಾಸನವಿತ್ತು. ಹಾಗಾಗಿ ಓಡುವ ಕಾರು ಲಾರಿಯ ಮೇಲೆ ಕೂತು ಪಂದ್ಯಕ್ಕೆ ಬಂತು.

ಅತ್ತೆ ಕುಂಕುಮ ಹಚ್ಚಿ, ಮುಂದಿನ ಎರಡು ಚಕ್ರಗಳ ಎದುರಿಗೆ ಒಂದೊಂದು ನಿಂಬೆಹಣ್ಣು ಇಟ್ಟರು. ಪಕ್ಕದಲ್ಲಿ ಈ ಸಲವೂ ವೈದ್ಯರ ಕಾರು. ಬಾಷಾ ಭಾಯಿ ಬಾವುಟ ಇಳಿಸಿದರು.

ನನಗೆ ಮೊದಲು ಕಂಡದ್ದು ಹೊಗೆ. ಆಮೇಲೆ ನಂಬರ್ ಪ್ಲೇಟು. ದೂರವಾಗಬೇಕಾದ ಕಾರಿನ ಅಕ್ಷರಗಳು ದೊಡ್ಡದಾಗುತ್ತಿವೆಯಲ್ಲ, ಏಕೆ ಎಂದು ಯೋಚಿಸಿದೆ. ಯೋಚನೆ ಮುಗಿಯುವ ಮೊದಲೇ ಕಾಲುಗಳು ನನ್ನನ್ನು ಲಂಟಾನಾ ಪೊದೆಗೆ ಎಸೆದಿದ್ದವು. ನಾನಿದ್ದ ಜಾಗದ ಮೇಲೆ ಕಾರು ಹಾದುಹೋಗಿ ನಿಂತಿತು. ಇಂದಿಗೂ ಹಿಂದೆ ಎಂಜಿನ್ ಶಬ್ದವಾದರೆ ನಾನು ಮೊದಲು ಪೊದೆ ಹುಡುಕುತ್ತೇನೆ. ನಿಂಬೆಹಣ್ಣುಗಳು ಇಟ್ಟಲ್ಲೇ ಇದ್ದವು, ಒಂದಕ್ಕೂ ಗಾಯವಿಲ್ಲ!

ಬಾಷಾ ಭಾಯಿ ಕಾರಿನಡಿ ತೂರಿ ನೋಡಿ ಬಂದರು. “ಉಲ್ಟಾ ಕೂರ್ಸಿದ್ವಲ್ಲ ಸಾಬ್, ಉಲ್ಟಾ ಓಡ್ತಾ ಐತೆ. ಈಗ ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದೇ.”

ನೆರೆದಿದ್ದ ನಾಲ್ಕಾರು ಜನ ನಕ್ಕರು. ಮಾವ ಸ್ಟೀರಿಂಗ್ ಬಿಡಲಿಲ್ಲ, ಇಳಿಯಲೂ ಇಲ್ಲ. ಅವರ ಮುಖ ಕಂಡು ನಗು ತಾನಾಗಿ ನಿಂತಿತು. ಗುಜರಿಯವನಿಗೆ ಹೇಳಿಕಳಿಸು ಎಂದರು ನನಗೆ, ಮೆಲ್ಲಗೆ.

ಆಗ ಅತ್ತೆ ಬಂದರು. ಆ ಕಾರಿನಲ್ಲಿ ಎಂದೂ ಕೂರದವರು ಬಾಗಿಲು ತೆಗೆದು, ಸೆರಗು ಸಿಕ್ಕಿಸಿ, ಸೀಟಿನ ಮೇಲೆ ಹಿಂದಕ್ಕೆ ಮುಖಮಾಡಿ ಮಂಡಿಯೂರಿದರು.

“ಗೆರೆ ದಾಟಿ ಅಂದಿದ್ದೆ. ಮುಖ ಯಾವ ಕಡೆ ಇರ್ಬೇಕು ಅಂತ ಅಂದಿರ್ಲಿಲ್ಲ. ನೀವು ಗೇರ್ ನೋಡ್ಕೊಳ್ಳಿ, ದಾರಿ ನಾನ್ ನೋಡ್ತೀನಿ.”

ನಾವೆಲ್ಲ ಕಾರನ್ನು ತಳ್ಳಿ, ಅದರ ಬೆನ್ನು ಗೆರೆಯ ಕಡೆಗೆ ಬರುವಂತೆ ತಿರುಗಿಸಿದೆವು. ಅದು ಹಿಮ್ಮುಖವಾಗಿಯೇ ಹೊರಟಿತು. ಒಂದು, ಎರಡು, ಮೂರು, ನಾಲ್ಕು: ಒಂದು ಗೇರೂ ತಡವರಿಸಲಿಲ್ಲ. ಎಂಜಿನ್ನಿನ ದಮ್ಮು ಮುಗಿಲು ಮುಟ್ಟಿದ್ದು ಸರಿಯಾಗಿ ಗೆರೆಯ ಮೇಲೆ.

ನಂಬದವರು ನಂಗಲಿಗೆ ಹೋಗಿ ಬಾಷಾ ಭಾಯಿಯನ್ನು ಕೇಳಬಹುದು; ಇನ್ನೂ ಇದ್ದಾರೆ. ವೈದ್ಯರು ತೀರಿಕೊಂಡರು, ಮಾವನೂ ಹೋದರು. ಅತ್ತೆ ಇದ್ದಾರೆ, ಆದರೆ ಅವರನ್ನು ಸಾಕ್ಷಿಗೆ ಕರೆಯಬೇಡಿ. ಅವರು ಕಂಡದ್ದು ಬರೀ ದಾರಿ. ಕಾರಿನ ಮುಖ ನಮ್ಮ ಕಡೆಗಿತ್ತು; ಆ ಕಾಲು ಮೈಲಿಯುದ್ದಕ್ಕೂ ಮಾವ ಅತ್ತೆಯ ಮುಖವನ್ನೇ ನೋಡುತ್ತಿದ್ದುದನ್ನು ಕಂಡವರಲ್ಲಿ ಈಗ ಉಳಿದಿರುವವರು ಬಾಷಾ ಭಾಯಿ ಮತ್ತು ನಾನು.