ನಿಲ್ಲಿಸುವ ಯಂತ್ರಕ್ಕೆ ಹದಿನೈದು ದಿನ

ಕೂತವರನ್ನು ಎಬ್ಬಿಸಿ ನಿಲ್ಲಿಸುವುದೇ ಉದ್ಯೋಗವಾದ ಮೇಲೆ ಈಗ ಹೇಳಹೊರಟಂಥವು ನಡೆಯದ ವಾರವಿಲ್ಲ. ನಾನು ರಾಜಕಾರಣದಲ್ಲಿಲ್ಲ. ಜೆ.ಪಿ. ನಗರದ ಒಂದು ಶೆಡ್ಡಿನಲ್ಲಿ, ಹಾಸಿಗೆ ಹಿಡಿದವರು ಎದ್ದು ನಿಲ್ಲಲು ಆಸರೆಯಾಗುವ ಚೌಕಟ್ಟುಗಳನ್ನು ವಿನ್ಯಾಸ ಮಾಡುತ್ತೇನೆ. ಪಾದಕ್ಕೆ ಹಲಗೆ, ಮೊಣಕಾಲಿಗೆ ಮೆತ್ತೆ, ಸೊಂಟಕ್ಕೆ ಬೆಲ್ಟು, ಮುಂದೆ ಹಿಡಿಕೆ, ಅಡಿಯಲ್ಲಿ ಬ್ರೇಕಿರುವ ನಾಲ್ಕು ಚಕ್ರ. ಇದಿಲ್ಲದ ಕಡೆ ಇಷ್ಟೂ ಕೆಲಸವನ್ನು ನರ್ಸುಗಳ ಸೊಂಟವೇ ಮಾಡುತ್ತದೆ.

ಜಯನಗರದ ಒಂದು ನರ್ಸಿಂಗ್ ಹೋಮಿನ ಹೆಡ್ ಸಿಸ್ಟರ್ ಹಾಗೆ ಮಾಡಿ ಮಾಡಿ ಸೊಂಟ ಕಳೆದುಕೊಂಡಿದ್ದರು. ನನ್ನ ನಕ್ಷೆಯನ್ನು ಅವರು ನೋಡಿದ್ದೂ ಬಗ್ಗದೆ, ಗೋಡೆಗೆ ಹಿಡಿಸಿಕೊಂಡು.

"ಹದಿನೈದು ದಿನ ವಾರ್ಡಲ್ಲಿ ಇಟ್ಟು ನೋಡೋಣ ಸಾರ್. ಒಬ್ಬ ಪೇಷೆಂಟ್, ಒಬ್ರೇ ಒಬ್ರು, ಬಲವಂತ ಇಲ್ದೆ ಐದು ನಿಮಿಷ ನಿಂತ್ರೆ ಇನ್ನೂ ತರಿಸ್ತೀನಿ. ಇಲ್ಲಾಂದ್ರೆ ನೀವೇ ಬಂದು ತಗೊಂಡ್ಹೋಗಿ. ಅದನ್ನೂ ಎತ್ತೋಕೆ ನನ್ನ ಕೈಲಾಗಲ್ಲ."

ಹೂಂ ಎಂದು ಬಂದೆ. ಆಮೇಲೆ ಯಂತ್ರ ಮಾಡಬೇಕಾಯಿತು.

ಭರ್ಜಿ

ನನ್ನ ಪಾಲುದಾರ ಇಪ್ಪತ್ತು ವರ್ಷ ಬನಶಂಕರಿಯಲ್ಲಿ ಕಾಂಪೌಂಡ್ ಗೇಟು ಮಾಡಿದ ವೆಲ್ಡರ್. ಕೆಲಸ ಅಚ್ಚುಕಟ್ಟು. ಕೆಲಸ ಹಿಡಿದ ನಾಲ್ಕನೇ ದಿನ ಶೆಡ್ಡಿಗೆ ಹೋದರೆ ಚೌಕಟ್ಟು ತಯಾರಾಗಿತ್ತು. ಮೇಲ್ಗಡೆಯ ಕಂಬಿಯ ಉದ್ದಕ್ಕೂ ಆರು ಪುಟ್ಟ ಭರ್ಜಿಗಳಿದ್ದವು.

"ಇದೇನು ಗುರು? ಪೇಷೆಂಟಿನ ಎದೆಗೇ ಚುಚ್ಚುತ್ತಲ್ಲ!"

ಅವನು ದೂರ ನಿಂತು ನೋಡಿದ. "ಅಯ್ಯೋ, ಕೈ ತಾನಾಗೇ ಹಾಕಿಬಿಟ್ಟಿದೆ ಸಾರ್. ಅದಿಲ್ದಿದ್ರೆ ಬೋಳುಬೋಳಾಗಿ ಕಾಣುತ್ತೆ."

ಭರ್ಜಿ ಕೊಯ್ಯಿಸಿ, ಬಣ್ಣ ಒಣಗಲೆಂದು ಹೊರಗಿಟ್ಟೆವು. ಎರಡು ದಿನದಲ್ಲಿ ಮೂರು ಜನ ಬಂದು ವಿಚಾರಿಸಿದರು. ಮೂವರಿಗೂ ಎದ್ದು ನಿಲ್ಲಲು ಏನೂ ತೊಂದರೆಯಿರಲಿಲ್ಲ. ನಾಯಿ ಒಳಗೆ ಬರುವ ತೊಂದರೆಯಿತ್ತು.

ನೆರಿಗೆ

ಯಂತ್ರ ವಾರ್ಡಿಗೆ ಹೋಯಿತು, ಹದಿನೈದು ದಿನದ ಎಣಿಕೆ ಶುರುವಾಯಿತು. ಮೊದಲು ನಿಲ್ಲಬೇಕಾದವರು ಯಡಿಯೂರಿನ ಒಬ್ಬ ಅಜ್ಜಿ. ಆಸ್ಪತ್ರೆಯ ನಿಲುವಂಗಿಯನ್ನು ಮುಟ್ಟಲೂ ಒಪ್ಪದೆ ತಮ್ಮ ಹತ್ತಿ ಸೀರೆಯಲ್ಲೇ ಇದ್ದರು. ಎರಡು ಮೊಣಕಾಲಿಗೆ ಎರಡು ಮೆತ್ತೆ ಇಟ್ಟಿದ್ದೆವು. ಸೀರೆಯ ನೆರಿಗೆ ಆ ಎರಡರ ನಡುವೆ ಹೋಗಿ ಸಿಕ್ಕಿಕೊಂಡಿತು. ಅಜ್ಜಿ ಅರ್ಧ ಎದ್ದು, ಸೀರೆಯನ್ನು ಕಾಪಾಡಿಕೊಂಡು ಮತ್ತೆ ಕೂತರು.

ಸಿಸ್ಟರ್ ನಮ್ಮಿಬ್ಬರನ್ನೂ ತಲೆಯಿಂದ ಕಾಲಿನವರೆಗೆ ನೋಡಿದರು. "ಇದನ್ನ ಮಾಡಿದೋರು ಇಬ್ರೂ ಪ್ಯಾಂಟ್ ಹಾಕೋರು, ಅಲ್ವಾ?"

ಯಂತ್ರವನ್ನು ವಾಪಸ್ ಶೆಡ್ಡಿಗೆ ತಂದೆವು. ಪಾಲುದಾರ ಮನೆಯಿಂದ ಹೆಂಡತಿಯ ಸೀರೆ ತಂದು ಪ್ಯಾಂಟಿನ ಮೇಲೆ ಉಟ್ಟ. ಬೆಲ್ಟು ಬಿಗಿದೆ. ನೆರಿಗೆ ಸಿಕ್ಕಿಕೊಂಡಿತು, ಬೆಲ್ಟೂ ಬಿಚ್ಚಿಕೊಳ್ಳಲಿಲ್ಲ. ನಾನು ಮಂಡಿಯೂರಿ ನೆರಿಗೆ ಬಿಡಿಸುತ್ತಿದ್ದೆ.

"ನಿಧಾನ ಸಾರ್, ಇದು ಅವಳ ತವರುಮನೆ ಸೀರೆ. ಹರಿದ್ರೆ ಇವತ್ತು ಊಟ ಇಲ್ಲ."

ಸರಿಯಾಗಿ ಆಗಲೇ ಶೆಡ್ಡಿನ ಮಾಲೀಕರು ಬಾಗಿಲು ತೆರೆದರು. ಕಬ್ಬಿಣಕ್ಕೆ ಬಿಗಿಸಿಕೊಂಡು ನಿಂತ ಮೀಸೆಯ ಮನುಷ್ಯನನ್ನು ನೋಡಿದರು, ಸೀರೆಯನ್ನು ನೋಡಿದರು, ನನ್ನನ್ನು ನೋಡಿದರು. "ಪರವಾಗಿಲ್ಲ, ಆಮೇಲೆ ಬರ್ತೀನಿ" ಎಂದು ಬಾಗಿಲನ್ನು ತಾವೇ ಮೆಲ್ಲಗೆ ಎಳೆದುಕೊಂಡು ಹೋದರು. ಇಷ್ಟು ವರ್ಷಗಳಲ್ಲಿ ಅವರು ನಮಗೆ ತೋರಿದ ಮೊದಲ ಸೌಜನ್ಯ ಅದು.

ಗರುಡಗಂಬ

ಎರಡು ಮೆತ್ತೆ ತೆಗೆದು ಅಗಲವಾದ ಒಂದೇ ಮೆತ್ತೆ ಕೂರಿಸಿದೆವು. ಏಳನೇ ದಿನ ಮತ್ತೆ ಅದೇ ಅಜ್ಜಿ. ಸೀರೆ ಸಿಕ್ಕಲಿಲ್ಲ, ಬೆಲ್ಟು ಒತ್ತಲಿಲ್ಲ, ಹಿಡಿಕೆ ಕೈಗೆ ಎಟುಕಿತು. ಅಜ್ಜಿ ಮಾತ್ರ ಏಳಲಿಲ್ಲ.

"ಇನ್ನೇನು ತೊಂದ್ರೆ ಅಜ್ಜಿ?"

"ತೊಂದ್ರೆ ಏನಿಲ್ಲ ಕಣಪ್ಪ, ಚೆನ್ನಾಗೇ ಮಾಡಿದೀಯ. ಆದ್ರೆ ಕಾರಣ ಇಲ್ದೆ ಗರುಡಗಂಬದ ಹಂಗೆ ನಾನ್ಯಾಕೆ ನಿಂತ್ಕೊಳ್ಳಲಿ? ಯಾರಾದ್ರೂ ನನಗಿಂತ ದೊಡ್ಡೋರು ಬರಲಿ, ಎದ್ದು ನಿಲ್ತೀನಿ."

ನ್ಯಾಯವಾದ ಮಾತು. ಅಜ್ಜಿಗೆ ತೊಂಬತ್ತೊಂದು. ಅವರಿಗಿಂತ ದೊಡ್ಡವರನ್ನು ಹುಡುಕಿ ತರಲು ನಮಗೆ ಉಳಿದಿದ್ದ ಎಂಟು ದಿನ ಸಾಲುವಂತಿರಲಿಲ್ಲ.

ಟವೆಲು

ಅಷ್ಟರಲ್ಲಿ ವಾರ್ಡಿನವರು ಯಂತ್ರವನ್ನು ಖಾಲಿ ಬಿಟ್ಟಿರಲಿಲ್ಲ. ಹನ್ನೊಂದನೇ ದಿನ ಹೋದಾಗ ಹಿಡಿಕೆಗಳ ಮೇಲೆ ನಾಲ್ಕು ಟವೆಲು, ಪಾದದ ಹಲಗೆಯ ಮೇಲೆ ಎರಡು ಫ್ಲಾಸ್ಕು, ಬೆಲ್ಟಿನ ಕೊಕ್ಕೆಗೆ ಒಂದು ಎಳನೀರಿನ ಚೀಲ, ಮೊಣಕಾಲಿನ ಮೆತ್ತೆಗೆ ಒರಗಿಕೊಂಡು ಯಾರದೋ ಅಳಿಯ.

ನನಗೆ ಅಳು ಬಂತು. ಪಾಲುದಾರನಿಗೆ ಹೆಮ್ಮೆ. "ಲೋಡ್ ಟೆಸ್ಟ್ ಮಾಡೋದು ಉಳಿದಿತ್ತಲ್ಲ ಸಾರ್, ಆಗೋಯ್ತು."

ಸಿಸ್ಟರ್ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಬಂದರು. "ಪಾಪ, ನಿಮ್ಮದೇನೂ ತಪ್ಪಿಲ್ಲ ಬಿಡಿ ಸಾರ್. ಪೇಷೆಂಟ್ ಒಬ್ರು ಬಿಟ್ಟು ಮಿಕ್ಕಿದ್ದೆಲ್ಲಾ ಇದರಲ್ಲಿ ನಿಲ್ಲುತ್ತೆ."

ಕಂಡಕ್ಟರು

ಹದಿನಾಲ್ಕನೇ ದಿನ ನಿಲ್ಲಿಸಿ ನೋಡಲು ಉಳಿದಿದ್ದವರು ಒಬ್ಬರೇ: ಮನೆಯ ಮೆಟ್ಟಿಲಲ್ಲಿ ಬಿದ್ದು ಎಡ ಸೊಂಟಕ್ಕೆ ಆಪರೇಷನ್ ಆಗಿದ್ದ ನಿವೃತ್ತ ಸಿಟಿ ಬಸ್ ಕಂಡಕ್ಟರು. ನಿಂತರೆ ಮನೆಗೆ ಕಳಿಸುತ್ತೇವೆ ಎಂದಿದ್ದರು ಡಾಕ್ಟರು. ನಿಲ್ಲಲು ಅವರೂ ತಯಾರು. ಹಿಡಿಕೆ ಮಾತ್ರ ಹಿಡಿಯುವುದಿಲ್ಲ. ಹಿಡಿಯದೆ ನಿಲ್ಲಲು ಸಿಸ್ಟರ್ ಬಿಡುವುದಿಲ್ಲ.

"ಮೂವತ್ತು ವರ್ಷ ಸರ್ವಿಸ್ ಸಿಸ್ಟರ್. ಓಡೋ ಬಸ್ಸಲ್ಲಿ ಒಂದ್ ದಿನ ಕಂಬಿ ಮುಟ್ಟಿಲ್ಲ. ಕಂಬಿ ಹಿಡ್ಕೊಂಡು ನಿಲ್ಲೋನು ಪ್ಯಾಸೆಂಜರು!"

"ಮನೇಲೂ ಹಿಂಗೇ ಕಣಮ್ಮ," ಎಂದರು ಅವರ ಹೆಂಡತಿ. "ಹಿಡ್ಕೊಳ್ದೇ ತಾನೆ ಬಿದ್ದಿದ್ದು?"

"ಮನೆ ಮೆಟ್ಟಿಲು ಬೇರೆ, ಬಸ್ಸೇ ಬೇರೆ. ನೀನು ಸುಮ್ನಿರು."

ಪಾಲುದಾರ ಮಂಚದ ಹತ್ತಿರ ಹೋದ. "ಮತ್ತೆ ಎರಡೂ ಕೈ ಬಿಟ್ಟು ಹೆಂಗೆ ನಿಲ್ತಿದ್ರಿ ಅಣ್ಣ?"

ಅವರು ಕೂತಲ್ಲೇ ತೋರಿಸಿದರು. ಒಂದು ಕಡೆಯ ಸೊಂಟವನ್ನು ಸೀಟಿನ ಮೂಲೆಗೆ ಒರಗಿಸುವುದು, ಪಾದ ಸ್ವಲ್ಪ ಅಗಲಿಸುವುದು. ಒಂದು ಕೈ ಟಿಕೆಟಿಗೆ, ಇನ್ನೊಂದು ಚೀಲಕ್ಕೆ. ಭಾರವೆಲ್ಲ ಸೊಂಟದ ಮೇಲೆ. ಕೈಗೆ ಎಂಥ ಹಿಡಿಕೆ ಕೊಡಬೇಕೆಂದು ನಾನು ಎರಡು ವರ್ಷದಿಂದ ತಲೆ ಕೆಡಿಸಿಕೊಂಡಿದ್ದೆ. ಈ ಊರಿನ ಕಂಡಕ್ಟರುಗಳು ಆ ಪ್ರಶ್ನೆಯನ್ನೇ ಕೈಬಿಟ್ಟು ಎಷ್ಟೋ ಕಾಲವಾಗಿತ್ತು.

ಮರುದಿನ ಬೆಳಿಗ್ಗೆ, ಅಂದರೆ ಹದಿನೈದನೇ ದಿನ, ಬಲಗಡೆ ಸೊಂಟದ ಎತ್ತರಕ್ಕೆ ಒಂದು ದಪ್ಪ ಮೆತ್ತೆ ಕೂರಿಸಿಕೊಂಡು ಹೋದೆವು. ಕಂಡಕ್ಟರು ಪಾದ ಇಟ್ಟರು. ಸಿಸ್ಟರ್ ಬೆಲ್ಟು ಹಾಕಿದರು. ಕಂಡಕ್ಟರು ಮೆತ್ತೆಗೆ ಒರಗಿ, ಒಮ್ಮೆ ಮುಖ ಹಿಂಡಿ, ಎದ್ದು ನಿಂತರು. ಎರಡೂ ಕೈ ಖಾಲಿ. ಸಿಸ್ಟರ್ ಗಡಿಯಾರ ನೋಡತೊಡಗಿದರು. ಒಂದು ನಿಮಿಷ. ಎರಡು. ಮೂರು.

ಅಷ್ಟು ಎತ್ತರದಿಂದ ಅಷ್ಟು ಜನರನ್ನು ಕಂಡಕ್ಟರು ಬಹಳ ದಿನಗಳ ಮೇಲೆ ನೋಡುತ್ತಿದ್ದರು. ಪೇಷೆಂಟುಗಳನ್ನು ನೋಡಲು ಬಂದು ಬಾಗಿಲಲ್ಲಿ ಗುಂಪುಗೂಡಿದ್ದವರನ್ನು ಕಂಡು, "ಒಳಗ್ ಹೋಗಿ, ಒಳಗ್ ಹೋಗಿ, ಮಧ್ಯದಲ್ಲಿ ಜಾಗ ಇದೆ" ಎಂದರು. ಅವರೆಲ್ಲ ಮರುಮಾತಿಲ್ಲದೆ ಒಳಗೆ ಬಂದರು. ಕಂಡಕ್ಟರು ಹಿಂದೆ ಮುಂದೆ ನೋಡಿ, "ರೈಟ್!" ಎಂದರು.

ಪಾಲುದಾರನ ಕಾಲು ಬ್ರೇಕಿನ ಮೇಲಿತ್ತು. ಹುಟ್ಟಿನಿಂದ ಬೆಂಗಳೂರಿನ ಕಾಲು. ಅದು ಬ್ರೇಕು ಬಿಟ್ಟಿತು.

ಯಂತ್ರ ಮೆಲ್ಲಗೆ ಹೊರಟಿತು. ನಾನೂ ಸಿಸ್ಟರೂ ಎರಡು ಕಡೆಯಿಂದ ಹಿಡಿದುಕೊಂಡೆವು. ಕಂಡಕ್ಟರು ಮಾತ್ರ ಏನನ್ನೂ ಹಿಡಿದುಕೊಳ್ಳಲಿಲ್ಲ. ಎರಡು ಮಂಚ ದಾಟಿದ ಮೇಲೆ, "ಹೋಲ್ಡಾನ್!" ಎಂದರು. ಪಾಲುದಾರ ಬ್ರೇಕು ತುಳಿದ. ಮೂರನೇ ಮಂಚದಲ್ಲಿ ಮಂಪರಿನಲ್ಲಿದ್ದವರು ಕಣ್ಣು ಬಿಟ್ಟು, "ಬನಶಂಕರಿ ಹೋಗುತ್ತಾ?" ಎಂದು ಕೇಳಿದರು.

ಐದು ನಿಮಿಷ ಆಯಿತು. ಏಳೂ ಆಯಿತು. ಸಿಸ್ಟರ್ ಒಂದು ಕುರ್ಚಿ ಎಳೆದು ತಂದರು. "ಸಾಕು ಸಾರ್, ಕೂತ್ಕೊಳ್ಳಿ." ಕಂಡಕ್ಟರು ಕುರ್ಚಿಯ ಮೇಲಿದ್ದ ಹೆಂಡತಿಯ ವ್ಯಾನಿಟಿ ಬ್ಯಾಗು ನೋಡಿದರು. "ಲೇಡೀಸ್ ಸೀಟಲ್ಲಿ ನಾನು ಕೂರಲ್ಲ."

ಸಿಸ್ಟರ್ ನಮ್ಮ ಟ್ರಯಲ್ ಫಾರಂ ತರಿಸಿಕೊಂಡು ನಿಂತಲ್ಲೇ ಬರೆದರು: "ಪೇಷೆಂಟ್ ನಿಂತಿದ್ದಾರೆ. ಇಳಿಯಲು ಒಪ್ಪುತ್ತಿಲ್ಲ. ಇಂಥವೇ ಇನ್ನೂ ನಾಲ್ಕು ಕಳಿಸಿ. ಪಾಲುದಾರರನ್ನು ಕಳಿಸಬೇಡಿ."